ಯಾರೋ ಇದ್ದಾರೆ ಎನ್ನುವ ಜಾಗ

ಸಣ್ಣದೊಂದು ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡ ಮೇಲೆ ಮುರಿಗೆಪ್ಪ ಹಿರೇಗೌಡರ ಎಡಹೆಗಲ ಹಿಂದೆ ಯಾರೋ ಬಂದು ನಿಲ್ಲತೊಡಗಿದರು. ಹೊರಳಿ ನೋಡಿದರೆ ಯಾರೂ ಇರುತ್ತಿರಲಿಲ್ಲ. ಮುಂದೆ ತಿರುಗಿದೊಡನೆ ಮತ್ತೆ ಅಲ್ಲೇ, ಒಂದು ಗೇಣು ದೂರದಲ್ಲಿ, ಉಸಿರು ಹಿಡಿದು ನಿಂತಂತೆ ಅನಿಸುತ್ತಿತ್ತು. ಊಟಕ್ಕೆ ಕೂತರೆ ಅವನೂ ಕೂಡುತ್ತಿದ್ದ. ಎದ್ದರೆ ಏಳುತ್ತಿದ್ದ.

ಮುರಿಗೆಪ್ಪ ಧಾರವಾಡದ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರದ ಮಾಸ್ತರರು. ಮನುಷ್ಯ ಹೇಗೆ ಮನುಷ್ಯನಾದ ಎಂಬ ಪಾಠವನ್ನು ಅವರು ಮಾಡುತ್ತಿದ್ದರೆ ಪಕ್ಕದ ಕ್ಲಾಸಿನವರೂ ಕಿವಿಗೊಡುತ್ತಿದ್ದರು. ಅದೇ ಮಾಸ್ತರರು ಬೆಳಿಗ್ಗೆ ಮಿಂದು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡದೆ ಒಂದು ಗುಟುಕು ಚಹಾ ಕುಡಿದವರಲ್ಲ. ಇದು ಹೇಗೆ ಎಂದು ಹುಡುಗರು ಕೇಳಿದರೆ, "ವಿಜ್ಞಾನ, ದೇವರು ಇಬ್ಬರೂ ನನ್ನ ಮನ್ಯಾಗ ಭಾಳ ವರ್ಷದಿಂದ ಅದಾರಪಾ, ಇನ್ನೂ ಜಗಳಾಡಿಲ್ಲ" ಎನ್ನುತ್ತಿದ್ದರು.

ಹೆಗಲ ಹಿಂದಿನವನ ಬಗ್ಗೆಯೂ ಮೊದಮೊದಲು ತಮಾಷೆಯಾಗಿಯೇ ಮಾತಾಡಿದರು. ಬರಬರುತ್ತ ಅವರ ನಿದ್ದೆ ಹಾಳಾಯಿತು. ಬೀದಿಯಲ್ಲಿ ನಡೆಯುವಾಗ ಗೋಡೆಗೆ ಬೆನ್ನು ಹಚ್ಚಿ ನಿಂತುಬಿಡುತ್ತಿದ್ದರು. ಆಗ ಹೆಂಡತಿ ಇಂದುಮತಿ, "ನಮ್ಮ ಸಂಸ್ಥೆಗೆ ಬರ್ರಿ. ಇದಕ್ಕಂತ ಅಲ್ಲಿ ಒಂದು ಸಾಧನ ತಯಾರ ಮಾಡ್ಯಾರ" ಎಂದಳು.

ಇಂದುಮತಿ ಊರ ಹೊರಗಿನ ಒಂದು ಖಾಸಗಿ ಮೆದುಳು ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ರೋಗಿಗಳ ಮೆದುಳಿನ ಚಿತ್ರಗಳನ್ನು ಓದುವುದು ಅವಳ ಕೆಲಸ. ಸಂಸ್ಥೆಯ ಮುಖ್ಯಸ್ಥರು ಪ್ರೊಫೆಸರ್ ವಾಮನರಾವ್ ಜಾಲಿಹಾಳ. ಬೆಳ್ಳಗಿನ ತಲೆ, ಮೆಲುದನಿ, ಎದುರಿನವರನ್ನು ಹೆಸರು ಹಿಡಿದು ಮಾತಾಡಿಸುವ ಸೌಜನ್ಯ. ದೇವರಿಲ್ಲ ಎಂದು ಊರೂರಿನ ವೇದಿಕೆಗಳಲ್ಲಿ ವಾದಿಸಿದವರು.

ಅವರು ಮುರಿಗೆಪ್ಪನವರನ್ನು ಎದುರಿಗೆ ಕೂಡಿಸಿಕೊಂಡು ತಾವೇ ವಿವರಿಸಿದರು. ಬಲಗಿವಿಯ ಮೇಲೆ, ಮೆದುಳಿನ ಎರಡು ಹಾಲೆಗಳು ಕೂಡುವಲ್ಲಿ ಅವರೆಕಾಳಿನಷ್ಟು ಜಾಗವಿದೆ. ಇದು ನನ್ನ ಮೈ, ಅಲ್ಲಿರುವುದು ಬೇರೆಯವರು ಎಂದು ವಿಂಗಡಿಸುವುದು ಅದೇ. ಅದಕ್ಕೆ ಪೆಟ್ಟಾದರೆ ನಮ್ಮದೇ ಮೈಯ ನೆರಳು ಬೇರೆ ಯಾರೋ ಆಗಿ ಹಿಂದೆ ನಿಲ್ಲುತ್ತದೆ. ತಲೆಗೆ ಕಟ್ಟುವ ಈ ಪಟ್ಟಿ ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಶಬ್ದದ ಅಲೆಗಳನ್ನು ಆ ಜಾಗಕ್ಕೆ ಬಿಟ್ಟು ಅದನ್ನು ತಣ್ಣಗಿರಿಸುತ್ತದೆ.

"ಹುಲ್ಲು ಅಲ್ಲಾಡ್ತು ಅಂತ ತಿಳೀರಿ, ಮಾಸ್ತರ" ಎಂದರು ವಾಮನರಾಯರು. "ಗಾಳಿ ಇರಬೇಕು ಅಂತ ನಿಂತಾಂವನ್ನ ಒಂದಲ್ಲ ಒಂದು ದಿನ ಹುಲಿ ತಿಂತು. ಯಾರೋ ಇದ್ದಾರ ಅಂತ ಸುಮ್ಮಸುಮ್ಮನ ಓಡಿದಾಂವ ಉಳಕೊಂಡ. ಅವನ ಮೊಮ್ಮಕ್ಕಳು ನಾವು. ಹಿಂಗಾಗಿ ಯಾರೂ ಇಲ್ಲದ ಕಡೆನೂ ನಮಗ ಯಾರೋ ಇದ್ದಂಗ ಅನಸ್ತದ. ಕತ್ತಲಾಗ ದೆವ್ವ, ಮ್ಯಾಲ ದೇವರು."

"ಕ್ಲಾಸಿನ್ಯಾಗ ನಾನೂ ಹಿಂಗ ಹೇಳ್ತೀನ್ರಿ" ಎಂದು ಮಾಸ್ತರರು ನಕ್ಕರು. "ದೇವರ ಮಾತು ಮಾತ್ರ ಬಿಟ್ಟು."

"ನನ್ನ ಅಕ್ಕಗ ದೆವ್ವ ಬಡದದ ಅಂತ ಬರೆ ಹಾಕಿ ಕೊಂದ್ರು" ಎಂದರು ವಾಮನರಾಯರು. ದನಿ ಏರಲಿಲ್ಲ. "ಆಕಿಗೆ ಹದಿನಾರು ವರ್ಷ. ಈ ಪಟ್ಟಿ ಅವತ್ತ ಇದ್ದಿದ್ರ ಬದುಕ್ತಿದ್ಲು."

ಇಂದುಮತಿಗೆ ಆ ಕ್ಷಣ ಅವರ ಮೇಲೆ ಪೂರ್ತಿ ನಂಬಿಕೆ ಬಂತು. ಗಂಡನ ಮೇಲಿನ ಪ್ರಯೋಗವಾದ್ದರಿಂದ ಅವರ ಮೆದುಳಿನ ಚಿತ್ರಗಳನ್ನು ನೀವು ನೋಡುವಂತಿಲ್ಲ, ಬೇರೆಯವರು ನೋಡುತ್ತಾರೆ ಎಂದು ವಾಮನರಾಯರು ಹೇಳಿದಾಗಲೂ ಅದು ಸರಿಯೆಂದೇ ಒಪ್ಪಿಕೊಂಡಳು.

ಪಟ್ಟಿ ಕೆಲಸ ಮಾಡಿತು. ಕೆಲವೇ ದಿನಗಳಲ್ಲಿ ಹೆಗಲ ಹಿಂದಿನವನು ಹೊರಟುಹೋದ. ಮಾಸ್ತರರು ಗಡದ್ದಾಗಿ ನಿದ್ದೆ ಮಾಡಿದರು, ಒಬ್ಬರೇ ಮಾರ್ಕೆಟ್ಟಿಗೆ ಹೋಗಿಬಂದರು, ಶಾಲೆಗೆ ಮರಳಿದರು. ಒಂದು ಬೆಳಿಗ್ಗೆ ಮಿಂದು ಬಂದವರು ಪೂಜೆಗೆ ಕೂಡದೆ ನೇರವಾಗಿ ಚಹಾ ಕುಡಿದರು.

"ಪೂಜಿ?" ಎಂದಳು ಇಂದುಮತಿ.

"ಕೈಯಾಗ ಹಿಡದ್ರ ಕಲ್ಲು ಹಿಡಿದಂಗ ಆಗ್ತೈತಿ" ಎಂದರು. ಮಾತಿನಲ್ಲಿ ದುಃಖವಿರಲಿಲ್ಲ, ಬಿಡುಗಡೆಯೂ ಇರಲಿಲ್ಲ. ಕರೆಂಟ್ ಹೋಗಿದೆ ಎಂದು ಹೇಳಿದಂತಿತ್ತು.

ಇದು ಕಿವಿಗೆ ಬಿದ್ದದ್ದೇ ವಾಮನರಾಯರ ಮುಖ ಅರಳಿತು. ಇಂಥದೇ ಮಾತನ್ನು ಬೇರೆ ಇಬ್ಬರು ರೋಗಿಗಳೂ ಆಡಿದ್ದರು. ವಾಮನರಾಯರು ಒಂದು ಬಹಿರಂಗ ಚರ್ಚೆ ಏರ್ಪಡಿಸಿದರು. ದೇವರು ವಿಕಾಸದ ದಾರಿಯಲ್ಲಿ ಮೆದುಳಿಗೆ ಅಂಟಿಕೊಂಡ ಒಂದು ಅಭ್ಯಾಸ ಮಾತ್ರ, ಅದನ್ನು ತೆಗೆಯಬಹುದು, ತೆಗೆದರೆ ಏನೂ ಕೆಡುವುದಿಲ್ಲ ಎಂದು ತೋರಿಸುವುದು ಉದ್ದೇಶ. ವೇದಿಕೆಯ ಮೇಲೆ ಪಟ್ಟಿ ಕಟ್ಟಿಕೊಂಡ ಮುರಿಗೆಪ್ಪ ಮಾಸ್ತರರು ಕೂಡುವವರಿದ್ದರು. ಎದುರು ವಾದಿಸಲು ಖಾಜಾಹುಸೇನ ಮಕಾನದಾರ ಒಪ್ಪಿದರು. ಅವರು ನಿವೃತ್ತ ತರ್ಕಶಾಸ್ತ್ರದ ಪ್ರಾಧ್ಯಾಪಕರು, ನಮಾಜು ತಪ್ಪಿಸದ ಮನುಷ್ಯ, ವಾಮನರಾಯರ ಹಳೆಯ ಎದುರಾಳಿ.

ಮನೆಯಲ್ಲಿ ಇಂದುಮತಿಗೆ ಏನೋ ಸರಿಯಿಲ್ಲ ಅನಿಸತೊಡಗಿದ್ದು ಆ ದಿನಗಳಲ್ಲೇ. ಬೆರಳಿಟ್ಟು ತೋರಿಸುವಂಥದ್ದು ಏನೂ ಇರಲಿಲ್ಲ. ಗಂಡ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ಹೇಳಿದ ಕೆಲಸ ಮಾಡುತ್ತಿದ್ದರು. ಆದರೆ ಅವಳು ಕೋಣೆಗೆ ಬಂದರೆ ತಲೆಯೆತ್ತುತ್ತಿರಲಿಲ್ಲ. ತಾವಾಗಿ ಒಂದು ಪ್ರಶ್ನೆ ಕೇಳುತ್ತಿರಲಿಲ್ಲ. ಒಮ್ಮೆ ಬೇಕೆಂದೇ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. "ಉಪ್ಪು ಹೆಚ್ಚಾಗೈತಿ" ಎಂದರು. ಹಾಗಾದರೆ ಎಲ್ಲ ಸರಿಯಿದೆ ಎಂದು ಸಮಾಧಾನ ಮಾಡಿಕೊಂಡಳು. ಮರುದಿನ ಮತ್ತೆ ಪರೀಕ್ಷೆ ಮಾಡಿದಳು.

"ನಾ ನಾಳಿಗೆ ಬೆಳಗಾವಿಗೆ ಹೊಂಟೇನಿ. ತಿರುಗಿ ಬರೂದಿಲ್ಲ."

ಮಾಸ್ತರರು ಪೇಪರು ಮಡಚಿಟ್ಟು, "ಗ್ಯಾಸ್ ಬುಕ್ ಮಾಡೀಯೇನು?" ಎಂದರು.

ಆಮೇಲೆ ಒಂದು ಸಂಜೆ ಅವರು ತಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ಅತ್ತಿಗೆ ಎಲ್ಲಿ ಎಂದು ಅವನು ಕೇಳಿರಬೇಕು. "ಅಡಗಿಮನ್ಯಾಗ ಐತಿ" ಎಂದರು ಮಾಸ್ತರರು. ಇಂದುಮತಿಯ ಕೈಯಲ್ಲಿದ್ದ ಲಟ್ಟಣಿಗೆ ನಿಂತಿತು. ಮದುವೆಯಾದಾಗಿನಿಂದ ಅವಳ ಬಗ್ಗೆ "ಆಕಿ ಅದಾಳ" ಎಂದು ಮಾತ್ರ ಹೇಳಿದ್ದ ಬಾಯಿ ಅದು. ಬಾಯಿ ತಪ್ಪಿರಬೇಕು ಎಂದುಕೊಂಡಳು. ಅಂದಿನಿಂದ ಅವರ ಪ್ರತಿ ಕ್ರಿಯಾಪದಕ್ಕೂ ಕಿವಿಗೊಟ್ಟು ಕೂಡತೊಡಗಿದಳು. ಬಾಯಿ ತಪ್ಪಿರಲಿಲ್ಲ.

ಭಾನುವಾರ ಹಿತ್ತಲ ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದಳು. ಹಣೆ ಕಲ್ಲಿಗೆ ತಾಗಿ ರಕ್ತ ಬಂತು. ಒಗೆದ ಬಟ್ಟೆ ಹರವಿ ಬರುತ್ತಿದ್ದ ಮಾಸ್ತರರು ಅವಳನ್ನು ನೋಡಿದರು, ಜೋಕೆಯಿಂದ ದಾಟಿದರು, ಒಳಗೆ ಹೋಗಿ ಚಹಾಕ್ಕೆ ನೀರಿಟ್ಟರು. ಅವಳು ಗೋಡೆ ಹಿಡಿದು ಎದ್ದು ಒಳಗೆ ಬಂದು, "ನಾ ಬಿದ್ದೇನ್ರಿ" ಎಂದಳು.

"ಹೌದು" ಎಂದರು. "ದಾರ್ಯಾಗ ಬಿದ್ದಿತ್ತು."

ಮರುದಿನ ಹಣೆಗೆ ಬ್ಯಾಂಡೇಜು ಹಚ್ಚಿಕೊಂಡೇ ಅವಳು ವಾಮನರಾಯರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಪೂರ್ತಿ ಕೇಳಿದರು.

"ಇಂದುಮತಿ ಅವರ, ಮಾಸ್ತರು ಈಗಷ್ಟ ಜಡ್ಡಿನಿಂದ ಎದ್ದಾರ. ಸ್ವಲ್ಪ ಮಂಕಾಗಿರ್ತಾರ. ನೀವು ಅದಕ್ಕ ಅರ್ಥಾ ಹಚ್ಚಲಿಕ್ಕೆ ಹತ್ತೀರಿ. ಒಂದು ಮಾತಿಗೆ ಒಂದು ಸಂಚು, ಒಂದು ಮೌನಕ್ಕ ಒಂದು ಸಂಚು. ಹುಲ್ಲು ಅಲ್ಲಾಡಿದ್ರ ಹುಲಿ."

"ಅವರ ಚಿತ್ರಾ ಒಮ್ಮೆ ನೋಡ್ತೀನ್ರಿ, ಸರ್."

"ನಿಯಮ ನಿಮಗ ಗೊತ್ತದ." ಅವರು ಮೆಲ್ಲಗೆ ನಕ್ಕರು. "ಈಗ ನಿಮ್ಮ ಮೆದುಳಿನ್ಯಾಗನ ಆ ಜಾಗ ಭಾಳ ಜೋರು ಕೆಲಸಾ ಮಾಡ್ಲಿಕ್ಕೆ ಹತ್ತೇದ. ಬೇಕಂದ್ರ ನಿಮಗೂ ಒಂದು ಪಟ್ಟಿ ಕೊಡ್ತೀನಿ."

ಹೊರಗೆ ಬಂದ ಇಂದುಮತಿಗೆ ತನ್ನ ಮೇಲೆಯೇ ಅನುಮಾನ ಹುಟ್ಟಿತು. ಸಂಶಯ ಎನ್ನುವುದೇ ಬದುಕುಳಿಯಲೆಂದು ವಿಕಾಸ ಕಟ್ಟಿಕೊಟ್ಟ ಬುತ್ತಿಯಾದರೆ, ಅದು ನಿಜವನ್ನೇ ಹೇಳಬೇಕೆಂದು ಎಲ್ಲಿದೆ? ಹೆದರಿಸಿ ಓಡಿಸಿದರೆ ಸಾಕಲ್ಲ ಅದಕ್ಕೆ. ಹಾಗಾದರೆ ವಾಮನರಾಯರು ನಂಬಿದ್ದೂ ಅದೇ ಬುತ್ತಿಯಿಂದ ಬಂದದ್ದಲ್ಲವೇ? ಯಾರ ತಲೆಯನ್ನು ನಂಬುವುದು? ಯೋಚಿಸುತ್ತ ಹೋದಂತೆ ಕಾಲ ಕೆಳಗಿನ ನೆಲವೇ ಸರಿದಂತಾಯಿತು. ತಲೆಯೊಳಗೆ ಹುಡುಕಿ ಮುಗಿಯುವ ಮಾತಲ್ಲ ಇದು, ಹೊರಗೆ ಏನಾದರೂ ಕಣ್ಣಿಗೆ ಬೀಳಬೇಕು ಎಂದು ಅವಳಿಗೆ ಅನಿಸಿತು. ಪಟ್ಟಿಯನ್ನು ಮನುಷ್ಯರಿಗೆ ಕಟ್ಟುವ ಮೊದಲು ಮಂಗಗಳಿಗೆ ಕಟ್ಟಿದ್ದರು. ಅವು ಆವರಣದ ಹಿಂದಿನ ಶೆಡ್ಡಿನಲ್ಲಿದ್ದವು. ಅವಳಿಗೆ ಅತ್ತ ಕೆಲಸವೇ ಬಿದ್ದಿರಲಿಲ್ಲ.

ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ಹೋದಳು. ಮೊದಲ ಪಂಜರದಲ್ಲಿ, ನೆತ್ತಿ ಬೋಳಿಸಿ ಪಟ್ಟಿ ಹಚ್ಚಿದ ತಾಯಿ ಮಂಗ ಕೂತು ಶೇಂಗಾ ಸುಲಿಯುತ್ತಿತ್ತು. ಅದರ ಮಗ್ಗುಲಲ್ಲೇ ಮರಿ ಸಿಮೆಂಟಿನ ನೆಲದ ಮೇಲೆ ಅಂಗಾತ ಬಿದ್ದು ಚೀರುತ್ತಿತ್ತು. ತಾಯಿಗೆ ಹೆದರಿಕೆಯಿಲ್ಲ, ಸಿಟ್ಟಿಲ್ಲ. ಸಿಪ್ಪೆಗಳನ್ನು ಮರಿಯ ಮೇಲೆಯೇ ಉದುರಿಸುತ್ತಿತ್ತು. ಪಕ್ಕದ ಪಂಜರದಲ್ಲಿ ಪಟ್ಟಿಯಿಲ್ಲದ ಇನ್ನೊಂದು ಹೆಣ್ಣು ಮಂಗ ಸರಳುಗಳ ನಡುವಿನಿಂದ ತೋಳು ಚಾಚಿ, ಆ ಮರಿಯನ್ನು ಹಿಡಿಯಲು ಹೆಗಲು ಕಿತ್ತುಹೋಗುವಂತೆ ಒದ್ದಾಡುತ್ತಿತ್ತು.

ಇಂದುಮತಿಯನ್ನು ಹೆಚ್ಚು ಹೆದರಿಸಿದ್ದು ಪಂಜರದ ಮೂಲೆಯಲ್ಲಿದ್ದ ವಸ್ತು. ಬಿಸಿನೀರಿನ ಚೀಲಕ್ಕೆ ಕಂಬಳಿ ಸುತ್ತಿ ಹೊಲಿದ ಒಂದು ಬೊಂಬೆ. ಮರಿ ತಬ್ಬಿಕೊಳ್ಳಲೆಂದು ಯಾರೋ ಮಾಡಿಟ್ಟದ್ದು. ಕಂಬಳಿ ಸವೆದು ಎಳೆ ಬಿಟ್ಟಿತ್ತು, ಕೊಳೆಯಾಗಿತ್ತು. ಅಂದರೆ ತಾಯಿ ಮರಿಯನ್ನು ಎತ್ತಿಕೊಳ್ಳುವುದಿಲ್ಲ ಎಂದು ಇಲ್ಲಿ ಯಾರಿಗೋ ಬಹಳ ಹಿಂದೆಯೇ ಗೊತ್ತಿತ್ತು.

ತಾಯಿಗೆ ಅಲ್ಲೊಂದು ಮರಿ ಇದೆ ಎಂದು ಕಾಣುತ್ತಿತ್ತು. ಮರಿಯೊಳಗೆ ಯಾರೋ ಇದ್ದಾರೆ ಎಂಬುದು ಕಾಣುತ್ತಿರಲಿಲ್ಲ.

ಅವಳು ನೇರವಾಗಿ ವಾಮನರಾಯರಲ್ಲಿಗೆ ಹೋಗಿ, "ಆ ಬೊಂಬಿ ಹೊಲಿಸಿದವರು ಯಾರ್ರಿ?" ಎಂದು ಕೇಳಿದಳು.

"ನಾನ" ಎಂದರು ಅವರು. "ಮಂಗಗಳಿಗೆ ಅಲೆಗಳ ಜೋರು ಹೆಚ್ಚಾಗಿತ್ತು. ಮನುಷ್ಯರಿಗೆ ಅಷ್ಟು ಕೊಡೂದಿಲ್ಲ. ಚರ್ಚಾ ಮುಗೀಲಿ, ಪೂರ್ತಿ ಪರೀಕ್ಷಾ ಮಾಡಸ್ತೀನಿ."

"ಇವತ್ತ ನಮ್ಮವರ ಪಟ್ಟಿ ಬಿಚ್ಚಸ್ರಿ."

"ಅವರು ತಮ್ಮ ಬುದ್ಧಿಯಿಂದ ಒಪ್ಪಿ ಕಟ್ಟಿಕೊಂಡಾರ. ಅವರನ್ನ ಕೇಳ್ರಿ."

ಮನೆಗೆ ಬಂದು ಕೇಳಿದಳು. "ಯಾಕ ಬಿಚ್ಚಬೇಕು? ಚೊಲೊ ಐತಿ" ಎಂದರು ಮಾಸ್ತರರು. ಹಗಲಿರುಳೂ ತಲೆಯ ಮೇಲಿದ್ದ ಪಟ್ಟಿಗೆ ಅವಳು ಕೈ ಹಾಕಿದಳು. ಅವರು ಅವಳ ಮಣಿಕಟ್ಟು ಹಿಡಿದು, ಅಡ್ಡ ಬಂದ ಕೊಂಬೆಯನ್ನು ಸರಿಸುವಂತೆ ಬದಿಗಿಟ್ಟರು. ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೂ ಅವಳಿಗೆ ಸಾಕಾಗುತ್ತಿತ್ತು.

ದಾರಿ ಕಾಣದೆ ಮಕಾನದಾರರ ಮನೆಗೆ ಹೋದಳು. ಅವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು.

"ತಪ್ಪ ತಿಳೀಬ್ಯಾಡವಾ. ನೀ ಅವರ ಕಡೆ ಕೆಲಸಾ ಮಾಡಾಕಿ. ಚರ್ಚಾದ ಮುಂಚೆ ನನ್ನ ಮನಿಗೆ ಬಂದಿ. ವಾಮನರಾಯ ಕಳಿಸ್ಯಾನೇನು?"

ಇಂದುಮತಿ ಹಣೆಯ ಬ್ಯಾಂಡೇಜು ಬಿಚ್ಚಿ ಗಾಯ ತೋರಿಸಿ, ನಡೆದದ್ದನ್ನು ಹೇಳಿದಳು. ಅವರು ಒಳಗೆ ಕರೆದು ಕೂಡಿಸಿದರು.

"ನಾ ಇದನ್ನ ವೇದಿಕೆ ಮ್ಯಾಗ ಹೇಳಿದ್ರ ಯಾರೂ ನಂಬಂಗಿಲ್ಲ" ಎಂದರು. "ದೇವರ ಕಡೆಯಾಂವ, ಕತಿ ಕಟ್ಟಾಕತ್ತಾನ ಅಂತಾರ. ಮಾಸ್ತರನ್ನ ಒಂದೆರಡು ಪ್ರಶ್ನಿ ಕೇಳ್ತೀನಿ. ನೀ ಮುಂದಿನ ಸಾಲಿನ್ಯಾಗ ಕುಂದ್ರು. ಕೇಳಾಕ ನಿನಗ ಭಾಳ ಕಷ್ಟ ಆದೀತು."

ಕಾಲೇಜಿನ ಸಭಾಭವನ ತುಂಬಿತ್ತು. ವಾಮನರಾಯರು ಸೊಗಸಾಗಿ ಮಾತಾಡಿದರು. ಹುಲ್ಲು, ಹುಲಿ, ಓಡಿದವನ ಮೊಮ್ಮಕ್ಕಳು. ಕೊನೆಗೆ ಮಾಸ್ತರರ ಕಡೆ ಕೈ ತೋರಿಸಿ, "ಇವರು ಮೊದಲಿನಂಗ ಪಾಠಾ ಮಾಡ್ತಾರ, ಸಂಸಾರ ಮಾಡ್ತಾರ. ದೇವರೊಬ್ಬನನ್ನ ಬಿಟ್ಟು ಇವರು ಏನೂ ಕಳಕೊಂಡಿಲ್ಲ" ಎಂದಾಗ ಚಪ್ಪಾಳೆ ಬಿತ್ತು.

ಮಕಾನದಾರರು ಎದ್ದರು. "ಸರ್ ಹೇಳಿದ್ದು ಒಪ್ಪೇನಿ. ಆದ್ರ ಓಡಿದಾಂವ ಯಾಕ ಉಳದ? ಒಮ್ಮೊಮ್ಮೆ ಖರೇನ ಹುಲಿ ಇತ್ತು, ಅದಕ್ಕ. ಹುಲಿನ ಇಲ್ಲದ ಅಡವ್ಯಾಗ ಓಡಿ ಯಾರಿಗೇನು ಲಾಭ? ಈಗ ಮಾಸ್ತರನ್ನ ಎರಡು ಮಾತು ಕೇಳ್ತೀನಿ." ಅವರು ಮುರಿಗೆಪ್ಪನವರ ಕಡೆ ತಿರುಗಿದರು. "ಮಾಸ್ತರ, ಮುಂದಿನ ಸಾಲಿನ್ಯಾಗ ಹಣಿಗೆ ಗಾಯ ಆಗೈತಲ್ರಿ, ಅವರು ಯಾರು?"

"ನನ್ನ ಹೆಂಡತಿ. ಇಂದುಮತಿ."

"ಏನ್ ಮಾಡಾಕತ್ತಾರ?"

ಮಾಸ್ತರರು ನೋಡಿದರು. "ಅಳಾಕತ್ತೈತಿ."

ಸಭೆಯಲ್ಲಿ ಯಾರೋ ನಕ್ಕು, ತಟ್ಟನೆ ಸುಮ್ಮನಾದರು.

"ಅದರೊಳಗ ಯಾರರ ಅದಾರೇನ್ರಿ?"

ಮಾಸ್ತರರು ಹುಡುಗರ ಪ್ರಶ್ನೆಗೆ ಯೋಚಿಸುವಂತೆ ಪ್ರಾಮಾಣಿಕವಾಗಿ ಯೋಚಿಸಿದರು. "ಕಣ್ಣಾಗ ನೀರು ಬರಾಕತ್ತೈತಿ. ಮಾತಾಡಿಸಿದ್ರ ಮಾತಾಡ್ತೈತಿ. ಒಳಗ ಯಾರರ ಇರಬೇಕು ಅನ್ನಾಕ ನನ್ನ ಕಡೆ ಪುರಾವೆ ಇಲ್ರಿ."

"ನಿಮ್ಮ ಸಾಲಿ ಹುಡುಗರು?"

"ಅವೂ ಹಂಗ."

"ನಿಮ್ಮೊಳಗ?"

"ಹುಡುಕೀನ್ರಿ" ಎಂದರು ಮಾಸ್ತರರು. "ಸಿಕ್ಕಿಲ್ಲ."

ಮಕಾನದಾರರು ಗೆದ್ದವರಂತೆ ಕಾಣಲಿಲ್ಲ. "ನಾ ದೇವರು ಅದಾನಂತ ಸಿದ್ಧ ಮಾಡಿಲ್ರೀ" ಎಂದರು ನಿಧಾನವಾಗಿ. "ಸರ್ ಅವರೂ ಇಲ್ಲಂತ ಸಿದ್ಧ ಮಾಡಿಲ್ಲ. ಒಬ್ಬಾಂವ ಕಣ್ಣು ಮುಚ್ಚಿಕೊಂಡ್ರ ಸೂರ್ಯನೂ ಕಾಣಂಗಿಲ್ಲ, ಹೆಂಡತಿನೂ ಕಾಣಂಗಿಲ್ಲ. ಹೆಂಡತಿ ಅಂತೂ ಅದಾಳ. ಅಷ್ಟ ನನಗ ಗೊತ್ತು." ಹೇಳಿ ಕೂತುಬಿಟ್ಟರು.

ವಾಮನರಾಯರು ಮಾಸ್ತರರ ಹತ್ತಿರ ಬಂದರು. "ಮಾಸ್ತರ, ನಾ ಯಾರು?" ಎಂದು ಕೇಳಿದರು. ಮೈಕು ಇನ್ನೂ ಅವರ ಅಂಗಿಗೆ ಸಿಕ್ಕಿಸಿಯೇ ಇತ್ತು.

"ವಾಮನರಾವ್ ಸರ್."

"ಒಳಗ?"

ಮಾಸ್ತರರು ಇಲ್ಲವೆಂದು ವಿನಯದಿಂದ ತಲೆಯಾಡಿಸಿದರು. ವಾಮನರಾಯರು ಅವರ ತಲೆಯ ಪಟ್ಟಿ ಬಿಚ್ಚಿದರು. ಎರಡು ಸಲ ಗುಂಡಿ ತಪ್ಪಿತು. "ಅಕ್ಕಗ ಬರೆ ಹಾಕಿದಾಂವನೂ ಹಿಂಗ ನೋಡ್ತಿದ್ದ" ಎಂದು ಅವರು ಗೊಣಗಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ಪ್ರಯೋಗ ನಿಂತಿತು. ಬೇರೆ ರೋಗಿಗಳ ಪಟ್ಟಿಗಳನ್ನೂ ಬಿಚ್ಚಿಸಿದರು. ತಣ್ಣಗಾದ ಜಾಗ ಮತ್ತೆ ಬೆಚ್ಚಗಾಗುತ್ತದೆಯೇ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಪಟ್ಟಿ ತೆಗೆದ ಮಂಗಗಳಲ್ಲಿ ಒಂದು ತಾಯಿ ಮರಿಯನ್ನು ಎತ್ತಿಕೊಂಡಿತು, ಇನ್ನೊಂದು ಎತ್ತಿಕೊಳ್ಳಲಿಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವರ ಜೊತೆ ಕೆಲಸ ಮಾಡಲು ಮನಸ್ಸಾಗದೆ ಇಂದುಮತಿ ರಾಜೀನಾಮೆ ಕೊಟ್ಟಳು. ಆದರೆ ಗಂಡನಿಗೆ ಹೇಳಲಿಲ್ಲ. ಹೇಳಿದರೆ ಅವರು "ಹೌದಾ" ಎಂದು ಊಟ ಮುಂದುವರಿಸುತ್ತಾರೆ ಎಂಬ ಅಂಜಿಕೆ. ದಿನಾ ಹೊತ್ತಿಗೆ ಸರಿಯಾಗಿ ಡಬ್ಬಿ ಕಟ್ಟಿಕೊಂಡು ಹೊರಡುತ್ತಿದ್ದಳು. ಕೆಲಗೇರಿ ಕೆರೆಯ ದಂಡೆಯಲ್ಲಿ ಕೂತು ಸಂಜೆ ಮನೆಗೆ ಬರುತ್ತಿದ್ದಳು. ಅವರು ಕೇಳುತ್ತಿರಲಿಲ್ಲ.

ಮೊದಲು ಮರಳಿದ್ದು ಹೆಗಲ ಹಿಂದಿನವನು. ಮಾಸ್ತರರು ಊಟದ ನಡುವೆ ಬೆಚ್ಚಿ ಹಿಂದೆ ನೋಡಿದರು, ಕುರ್ಚಿಯನ್ನು ಗೋಡೆಗೆ ಸರಿಸಿದರು. ಅವರ ಮುಖದ ಮೇಲಿನ ಭಯ ಕಂಡು ಇಂದುಮತಿಗೆ ಆಸೆ ಚಿಗುರಿತು, ಆಸೆಪಟ್ಟಿದ್ದಕ್ಕೆ ನಾಚಿಕೆಯೂ ಆಯಿತು. ಕೆಲವು ದಿನಗಳ ಮೇಲೆ ಅವರು ಮಿಂದು ಬಂದು ಲಿಂಗವನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ಕೂತರು.

"ಏನರ ಅನಸ್ತೇನ್ರಿ?" ಎಂದು ಬಾಗಿಲಲ್ಲಿ ನಿಂತು ಕೇಳಿದಳು.

"ಮದಲ ಯಾರೋ ಅದಾರ ಅಂತ ಗೊತ್ತಿತ್ತು. ಆಮ್ಯಾಲ ಯಾರೂ ಇಲ್ಲಂತ ಗೊತ್ತಿತ್ತು." ಅವರು ಮುಷ್ಟಿ ಮುಚ್ಚಿದರು. "ಈಗ ಗೊತ್ತಾಗವಲ್ದು. ಇದು ಅವನೋ, ನನ್ನ ತಲಿಯೋ."

ಆ ವಾರವೇ ಒಂದು ಬೆಳಿಗ್ಗೆ ಅವಳು ಡಬ್ಬಿ ಹಿಡಿದು ಬಾಗಿಲ ತನಕ ಹೋಗಿದ್ದಳು. ಹಿಂದಿನಿಂದ ದನಿ ಬಂತು.

"ಎಲ್ಲಿಗೆ ಹೊಂಟಿ?"

ಅವಳು ತಿರುಗಲಿಲ್ಲ. "ಕೆಲಸಕ್ಕ."

"ಸುಳ್ಳ ಹೇಳಾಕತ್ತಿ."

ಅವಳು ತಿರುಗಿದಳು. ಮಾಸ್ತರರು ಕುರ್ಚಿಯಿಂದ ಎದ್ದಿದ್ದರು. ಹುಬ್ಬು ಗಂಟಿಕ್ಕಿತ್ತು, ಕಣ್ಣು ಕಿರಿದಾಗಿತ್ತು. ಅವಳ ಮುಖದ ಮೇಲೆ ನಿಲ್ಲದೆ, ಅದರ ಹಿಂದೆ ಏನಿದೆ ಎಂದು ತಡಕುವಂಥ ನೋಟ.

"ದಿನಾ ಸಂಜಿಕೆ ಬ್ಯಾರೆ ಮಾರಿ ಮಾಡ್ಕೊಂಡು ಬರ್ತಿ. ನನ್ನ ಮುಂದ ಏನೋ ಮುಚ್ಚಿಡಾಕತ್ತೀ ನೀ. ಏನದು?"

ಇಂದುಮತಿ ಡಬ್ಬಿಯನ್ನು ಹೊಸ್ತಿಲ ಮೇಲೆಯೇ ಇಟ್ಟಳು. ಅಲ್ಲೇ ಕೂತಳು.

"ಹೌದ್ರಿ" ಎಂದಳು. "ಮುಚ್ಚಿಟ್ಟೇನಿ."

"ಯಾಕ?"

"ಹೇಳ್ತೀನಿ, ಕುಂದ್ರರಿ."

ಅವರು ಕೂಡಲಿಲ್ಲ. ಅವಳು ಇನ್ನೇನು ಸುಳ್ಳು ಹೇಳುತ್ತಾಳೋ ಎಂದು ಮುಖವನ್ನೇ ನೋಡುತ್ತ ನಿಂತರು. ಆ ಸಂಶಯದ ಕಣ್ಣು ತನ್ನಿಂದ ಕದಲೀತೆಂಬ ಹೆದರಿಕೆಯಲ್ಲಿ, ಅವಳು ಒಂದೊಂದೇ ಮಾತನ್ನು ಬಹಳ ಸಾವಕಾಶವಾಗಿ ಹೇಳತೊಡಗಿದಳು.